ಹನ್ನೊಂದು ಸೆಕೆಂಡು

ಗೋಣಿಕೊಪ್ಪದಲ್ಲಿ, ಉಸ್ಮಾನಿಕನ ಬೇಕರಿಯ ಮಹಡಿಯಲ್ಲಿ ನನ್ನ ಸ್ಟುಡಿಯೋ.
ಗೋಡೆಗೆ ಮೊಟ್ಟೆಯ ಟ್ರೇ, ಬಾಗಿಲಿಗೆ ಹಳೆಯ ಕಂಬಳಿ.
ಚುನಾವಣೆಯ ಆಟೋ ಪ್ರಚಾರ, ಕಾಣೆಯಾದ ನಾಯಿಯ ಪ್ರಕಟಣೆ,
ಒಂದಿಷ್ಟು ಮದುವೆಯ ವಾಲಗ.
ನಾನು ಹಿಡಿದ ದನಿಗಳು ಇಷ್ಟೇ,
ಮುಂಬೈಯಿಂದ ಫೋನು ಬರುವ ತನಕ.

ದೇಶದ ಹಾಡಂತೆ. ನಲವತ್ತೊಂದು ದೇಶ, ಒಂದೇ ರಾತ್ರಿ,
ಹಾಡಿಗೆ ಮೂರೇ ನಿಮಿಷ, ಒಂದು ಉಸಿರು ಹೆಚ್ಚಾದರೂ ಹೊರಗೆ.
‘ನಡುವೆ ಏನಾದರೂ ಮಣ್ಣಿನದು ಬೇಕು’ ಎಂದ ಆ ಹುಡುಗ.
ಮಣ್ಣಿನದೆಂದರೆ ಮಡಕೆಯೇ ಎಂದು ಕೇಳಬಹುದಿತ್ತು.
ಎರಡು ತಿಂಗಳ ಬಾಡಿಗೆ ಬಾಕಿ. ಕೇಳಲಿಲ್ಲ.

ತಿತಿಮತಿಯಿಂದ ಮೇದರ ಬೊಳ್ಳು ಬಂದ,
ತೊಡೆಯ ಮೇಲೆ ಪರೆ, ಪರೆಗೂ ಅರ್ಧ ಟಿಕೆಟು.
ಮಂಜಿಗೆ ಚರ್ಮ ಸಡಿಲಾಗಿತ್ತು. ಬೆಂಕಿ ಎಲ್ಲಿ ಎಂದ.
ಬೇಕರಿಗೆ ಇಳಿದೆವು. ಬನ್ನು ತೆಗೆದ ಒಲೆಯ ಬಾಯಿಗೆ
ಉಸ್ಮಾನಿಕನೇ ಪರೆ ಹಿಡಿದ, ರೊಟ್ಟಿಯಂತೆ ತಿರುವಿ ತಿರುವಿ.
ಮೆಟ್ಟಿಲು ಹತ್ತುವಾಗ ಅದಕ್ಕೆ ಬೆಣ್ಣೆಯ ವಾಸನೆ.

ಮದುವೆಯದು ಬಾರಿಸಿದ. ಹಬ್ಬದ್ದು ಬಾರಿಸಿದ.
ಬೇಟೆಯಿಂದ ಮರಳುವಾಗ ಅವನಜ್ಜ ಬಾರಿಸುತ್ತಿದ್ದುದನ್ನೂ.
ಫೋನಿನ ಪರದೆಯಲ್ಲಿ ಹುಡುಗ ತಲೆಯಾಡಿಸಲಿಲ್ಲ.
ನೀರು ಕುಡಿದು, ಮಣಿಕಟ್ಟು ತಿರುಗಿಸಿ ನೋಡುತ್ತ
ಬೊಳ್ಳುವಿನ ಕೋಲು ತಾನಾಗಿ ಏನೋ ಆಡಿತು.
‘ಅದೇ!’ ಎಂದು ಕೂಗಿತು ಮುಂಬೈ. ‘ಅದೇ, ಅದೇ!’

ಬೊಳ್ಳು ನನ್ನ ಮುಖ ನೋಡಿದ.
ನಾನು ಮೀಟರಿನ ಮುಳ್ಳು ನೋಡಿದೆ.
ಒಂದು ಗುಂಡು ಹಾರಿದರೆ ಕೂಸು, ಎರಡು ಹಾರಿದರೆ ಹೆಣ.
ಇಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸುವುದಿಲ್ಲ.
ಎರಡನೆಯ ಗುಂಡಿನ ಹಿಂದೆ ಬರುವ ಬಡಿತ ಅದು.
‘ಮಾಡಿನ ಕೆಳಗೆ ಬಾರಿಸುವುದಲ್ಲ ಇದು’ ಎಂದ, ಮೆಲ್ಲಗೆ.
ಕೆಂಪು ದೀಪ ಉರಿಯುತ್ತಲೇ ಇತ್ತು,
ಆ ಮಾತೂ ಒಳಗೆ ಬಿತ್ತು.
ಮಾತನ್ನು ಕತ್ತರಿಸಿ ಉಳಿದದ್ದನ್ನು ಕಳಿಸಿದೆ.
ಹನ್ನೊಂದು ಸೆಕೆಂಡಿಗೆ ಎರಡೂವರೆ ಸಾವಿರ,
ಅರ್ಧ ಅವನಿಗೆ. ಅರ್ಧವೇ? ಹೌದು, ಅರ್ಧ.

ಆ ರಾತ್ರಿ ಬೇಕರಿಯ ಶಟರು ಅರ್ಧ ಎಳೆದು ಟೀವಿಯ ಮುಂದೆ ಕೂತೆವು.
ಉಸ್ಮಾನಿಕ ಗಾಜಿನ ಕಪಾಟಿಗೆ ಬಾವುಟ ಅಂಟಿಸಿದ್ದ, ಪಫ್ಸಿನ ಮೇಲೆ.
ನಾಗಪುರದ ಹುಡುಗಿ, ಮೈತುಂಬ ಮಿಂಚು,
ಏಳು, ಏಳು, ಎದ್ದೇಳು ಎಂದು ಹಿಂದಿಯಲ್ಲಿ ಹಾಡುತ್ತಿದ್ದಾಳೆ,
ಅವಳ ಕಾಲ ಕೆಳಗೆ ಯಂತ್ರದ ಹೊಗೆ.
ಎಲ್ಲ ವಾದ್ಯ ನಿಂತವು. ಪರೆ ಬಂತು.

ಗುಂಡಿ ಬಿಚ್ಚಿದ ಕೋಟಿನ ನಿವೃತ್ತ ಸುಬೇದಾರ್ ಚಂಗಪ್ಪ
ಟೋಪಿ ತೆಗೆದು ಎದ್ದುನಿಂತರು.
ಮೂಲೆಯಲ್ಲಿ ತೂಕಡಿಸುತ್ತಿದ್ದ ಅವರ ತಾಯಿ
ಕಣ್ಣು ತೆರೆಯದೆ ‘ದಾರ್?’ ಎಂದರು.
ಯಾರು?
ಉತ್ತರ ಯಾರಿಗೂ ಗೊತ್ತಿರಲಿಲ್ಲ.
ಅಷ್ಟರಲ್ಲಿ ಹೊಗೆ ನೀಲಿಯಾಗಿ, ಹುಡುಗಿ ಮತ್ತೆ ಏಳು ಎಂದಳು.

ಕೊನೆಗೆ ಹೆಸರುಗಳು ಓಡಿದವು. ಪರೆಯ ಎದುರು
‘ಸಾಂಪ್ರದಾಯಿಕ’ ಎಂದಿತ್ತು.
‘ಅದು ಯಾವ ಮನೆತನ?’ ಎಂದ ಉಸ್ಮಾನಿಕ.
ಬೊಳ್ಳು ನಗಲಿಲ್ಲ. ನಾನು ಸ್ವಲ್ಪ ನಕ್ಕೆ, ಆಮೇಲೆ ಬನ್ನು ಮುರಿದೆ.

ಅಂಕ: ಸೊನ್ನೆ. ಸೊನ್ನೆ. ಎರಡು. ಸೊನ್ನೆ.
ಯಾವುದೋ ಒಂದು ದ್ವೀಪ ಮಾತ್ರ ಪೂರ್ತಿ ಹನ್ನೆರಡು ಕೊಟ್ಟಿತು.
ಎಲ್‌ಐಸಿ ಡೈರಿಯ ಭೂಪಟದಲ್ಲಿ ಹುಡುಕಿದೆವು,
ಸಿಕ್ಕಿದ್ದು ಒಂದು ಚುಕ್ಕೆ, ಅದು ಶಾಯಿಯದೂ ಇರಬಹುದು.
‘ಅಲ್ಲಿ ಯಾರಿಗೋ ಅರ್ಥವಾಗಿದೆ’ ಎಂದ ಬೊಳ್ಳು.

ನಲವತ್ತೊಂದರಲ್ಲಿ ಮೂವತ್ತೊಂಬತ್ತನೆಯದು.

ಮೊದಲ ಬಸ್ಸಿಗೆ ಇನ್ನೂ ಎರಡು ಗಂಟೆ.
ಅವನು ಪರೆಯನ್ನು ಕಂಬಳಿಯಲ್ಲಿ ಸುತ್ತುತ್ತ ಹೇಳಿದ:
ಬಾರಿಸಿದ ದಿನದಿಂದ ನಿದ್ದೆಯಿಲ್ಲ ನನಗೆ.
ಬಡಿತ ಮೊದಲೇ ಕೊಟ್ಟುಬಿಟ್ಟೆವಲ್ಲ, ಒಂದು ಹೆಣ ಸಾಲ ಇತ್ತು.
ಈ ಮುದುಕಿಯನ್ನು ನೋಡಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು.
ಈಗ ಹಾಡೇ ಸತ್ತಿತು. ಸಾಲ ತೀರಿತು.

ಚಂಗಪ್ಪನವರ ತಾಯಿ ಆಗ ಎದ್ದು
ಬಿಸಿ ಇದೆಯೇ ಎಂದು ಬನ್ನು ಮುಟ್ಟಿ ನೋಡುತ್ತಿದ್ದರು.